ಹಳೆ ತಂತ್ರಾಂಶ, ಹೊಸ ಯಂತ್ರ: ಮರುಬಳಕೆಗೆ ಮುನ್ನ ಮರುಪರೀಕ್ಷೆ ಅಗತ್ಯ

ಎಡನೀರು: ಸೀತಾಂಗೋಳಿಯಲ್ಲಿ 2012ರಲ್ಲಿ ಎಚ್‌ಎಎಲ್ ಘಟಕ ಉದ್ಘಾಟನೆಗೊಂಡ ಬಳಿಕ ಯುದ್ಧವಿಮಾನದ ಕಂಪ್ಯೂಟರ್ ಎಂಬುದು ಗಡಿನಾಡಿಗೆ ದೂರದ ಮಾತಾಗಿ ಉಳಿದಿಲ್ಲ. ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ನಮ್ಮೂರ ಮಕ್ಕಳು ನಾಳೆ ಇದೇ ಕ್ಷೇತ್ರಕ್ಕೆ ಹೋಗಲೂಬಹುದು. ಅಲ್ಲಿ ಅವರಿಗೆ ಎದುರಾಗುವ ದೊಡ್ಡ ಪ್ರಶ್ನೆ ಒಂದಿದೆ. ಒಂದು ಯಂತ್ರಕ್ಕೆ ಬರೆದ ತಂತ್ರಾಂಶವನ್ನು ಇನ್ನೊಂದಕ್ಕೆ ಹಾಗೆಯೇ ಬಳಸಬಹುದೇ?

ಬಳಸದೆ ವಿಧಿಯಿಲ್ಲ ಎಂಬುದೂ ನಿಜ. ಯುದ್ಧವಿಮಾನದ ಆಯುಸ್ಸು ಹಲವು ದಶಕ. ಅದರೊಳಗಿನ ಕಂಪ್ಯೂಟರ್ ಚಿಪ್ ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಗುತ್ತದೆ. 1979ರಲ್ಲಿ ವಾಯುಪಡೆ ಸೇರಿದ ಜಾಗ್ವಾರ್‌ಗೆ ಎಚ್‌ಎಎಲ್ ಡಾರಿನ್-3 ಯೋಜನೆಯಲ್ಲಿ ಹೊಸ ಮಿಷನ್ ಕಂಪ್ಯೂಟರ್ ಅಳವಡಿಸಿತು. ಇಂಥ ಪ್ರತಿ ಬದಲಾವಣೆಗೂ ಎಲ್ಲವನ್ನೂ ಹೊಸದಾಗಿ ಬರೆದರೆ ಖರ್ಚು ಹೆಚ್ಚು, ಹೊಸ ತಪ್ಪುಗಳೂ ನುಸುಳುತ್ತವೆ.

ಆದರೆ ಎಚ್ಚರ ತಪ್ಪಿದರೆ ಬೆಲೆ ದುಬಾರಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೇಲೇರಿದ ಸುಮಾರು 40 ಸೆಕೆಂಡಿಗೆ ಛಿದ್ರವಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶ ಭಾಗವನ್ನೇ ಅದರಲ್ಲಿ ಹಾಕಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಆ ಸಂಖ್ಯೆ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ. ಬದಲಿ ಕಂಪ್ಯೂಟರಿನಲ್ಲೂ ಅದೇ ತಂತ್ರಾಂಶವಿದ್ದುದರಿಂದ ಅದೂ ಕೈಕೊಟ್ಟಿತು.

ರಕ್ಷಣಾ ಕ್ಷೇತ್ರದ ಉದಾಹರಣೆ ಇನ್ನೂ ಕಠೋರ. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಮೂಲತಃ ವಿಮಾನ ಮತ್ತು ಕ್ರೂಸ್ ಕ್ಷಿಪಣಿ ತಡೆಯಲು, ಒಂದೆಡೆ ಕೆಲವೇ ಗಂಟೆ ದುಡಿಯಲು ರೂಪುಗೊಂಡದ್ದು. ಕೊಲ್ಲಿ ಯುದ್ಧದಲ್ಲಿ ಸ್ಕಡ್ ಕ್ಷಿಪಣಿ ತಡೆಯಲು ಅದನ್ನು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ 100 ಗಂಟೆ ಬಿಡದೆ ನಡೆಸಲಾಯಿತು. ಗಡಿಯಾರದ ಲೆಕ್ಕದಲ್ಲಿ ಸೆಕೆಂಡಿನ ಮೂರನೇ ಒಂದರಷ್ಟು ತಪ್ಪು ಕೂಡಿಕೊಂಡಿತು. 1991ರ ಫೆಬ್ರವರಿ 25ರಂದು ಬಂದ ಸ್ಕಡ್ ಅನ್ನು ಅದು ತಡೆಯಲಿಲ್ಲ. 28 ಸೈನಿಕರು ಸತ್ತರು. ಸರಿಪಡಿಸಿದ ತಂತ್ರಾಂಶ ಅಲ್ಲಿಗೆ ತಲುಪಿದ್ದು ಮರುದಿನ.

ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಸಂಸಾರ' ಎಂದರೆ ಕನ್ನಡದಲ್ಲಿ ಮನೆ-ಮಕ್ಕಳು, ಮಲಯಾಳದಲ್ಲಿ ಮಾತುಕತೆ. ಪದ ಅದೇ, ಸಂದರ್ಭ ಬದಲಾದರೆ ಅರ್ಥವೇ ಬೇರೆ. ತಂತ್ರಾಂಶವೂ ಹಾಗೆಯೇ: ಎಷ್ಟು ವೇಗ, ಎಷ್ಟು ಹೊತ್ತು ಎಂಬ ಊಹೆಗಳು ಅದರೊಳಗೆ ಅಡಗಿರುತ್ತವೆ.

ಆದ್ದರಿಂದ ಆ ಊಹೆಗಳನ್ನು ಬರೆದಿಡಬೇಕು. ಹೊಸ ಯಂತ್ರದ ನಿಜ ಪರಿಸ್ಥಿತಿಯಲ್ಲೇ ಮತ್ತೆ ಪರೀಕ್ಷಿಸಬೇಕು. ಮರುಬಳಕೆಯಿಂದ ಬರೆಯುವ ಶ್ರಮ ಉಳಿದೀತು, ಪರೀಕ್ಷೆಯ ಶ್ರಮ ಉಳಿಯದು. ಅದನ್ನು ಉಳಿಸಹೊರಟರೆ ತೆರಬೇಕಾದ್ದು ಜೀವ.