ಅಭಿಮಾನಿಯ ದುಃಖ ಮತ್ತು ನಲವತ್ತು ನಿಮಿಷದ ಅವಧಿ

ಬೋಧನಾಭ್ಯಾಸಕ್ಕೆ ಹೊರಡುವ ಮೊದಲು ನಮಗೆಲ್ಲ ಒಂದು ಎಚ್ಚರಿಕೆ ಸಿಗುತ್ತದೆ: ತರಗತಿಯಲ್ಲಿ ಸಿನಿಮಾ ಮಾತು ಬೇಡ, ಒಮ್ಮೆ ಆರಂಭವಾದರೆ ಮಕ್ಕಳು ಕೈಗೆ ಸಿಗುವುದಿಲ್ಲ. ಎಚ್ಚರಿಕೆಯಲ್ಲಿ ಅನುಭವವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳಿಗೆ ಹಂಚಿಹೋದ ನಾವು ಸಂಜೆ ಬಸ್ಸಿನಲ್ಲಿ ಕೂತು ಮಾತಾಡಿಕೊಂಡಾಗ ತಿಳಿದದ್ದು ಬೇರೆಯೇ. ಎಲ್ಲ ಕಡೆಯೂ ಮಕ್ಕಳ ಕಂಪಾಸು ಪೆಟ್ಟಿಗೆಯ ಮುಚ್ಚಳದೊಳಗೆ ಒಂದು ನಗುಮುಖದ ಚಿತ್ರವಿದೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಇಂದು ಹತ್ತನೆಯ ತರಗತಿಯಲ್ಲಿರುವ ಮಕ್ಕಳು ಆಗ ಇನ್ನೂ ಚಿಕ್ಕವರು. ಚಿತ್ರ ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಾಗುತ್ತ ಬಂದಿದೆ.

ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಒಬ್ಬ ಹುಡುಗಿ ಹೇಳಿದಳು: "ಮೇಡಂ, ಅಪ್ಪು ಸತ್ತ ದಿನ ನಮ್ಮವ್ವ ಒಲಿನ ಹಚ್ಚಲಿಲ್ರೀ." ಪಕ್ಕದವಳು ನಕ್ಕಳು. ನಕ್ಕವಳನ್ನು ಗದರಿಸುವುದೋ, ಹೇಳಿದವಳನ್ನು "ಪಾಠದ ಕಡೆ ಗಮನ ಕೊಡು" ಎನ್ನುವುದೋ? ಇಂಥ ಗಳಿಗೆಗೆ ನಮ್ಮ ಪಾಠಯೋಜನೆಯ ಹಾಳೆಯಲ್ಲಿ ಕಾಲಮ್ಮೇ ಇಲ್ಲ.

ಕಂಡರಿಯದ ಮನುಷ್ಯನಿಗಾಗಿ ಅಳುವುದು ಹುಚ್ಚುತನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗದಗಿನವರಿಗಂತೂ ಆ ಮಾತು ಒಪ್ಪುವುದಿಲ್ಲ. 2010ರ ಸೆಪ್ಟೆಂಬರ್ 17ರಂದು ಪುಟ್ಟರಾಜ ಗವಾಯಿಗಳು ತಮ್ಮ 96ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಅತ್ತವರಲ್ಲಿ ಎಷ್ಟು ಮಂದಿ ಅವರ ಎದುರು ಕೂತು ಸಾ ಹಿಡಿದಿದ್ದರು? ಬಹುಪಾಲು ಜನ ಅವರನ್ನು ದೂರದಿಂದ ನೋಡಿದವರು, ಹಾಡು ಕೇಳಿದವರು. "ಅವರು ನಿನಗೇನಾಗಬೇಕು" ಎಂದು ಯಾರೂ ಅವರನ್ನು ಕೇಳಲಿಲ್ಲ. ಗವಾಯಿಗಳೂ ನಟರೂ ಒಂದೇ ಎಂದು ಹೇಳುತ್ತಿಲ್ಲ. ದುಃಖಿಸುವವರ ಕಡೆಯಿಂದ ನೋಡಿದರೆ ಎರಡೂ ಕಡೆ ಇರುವುದು ಒಂದೇ ಬಗೆಯ ಸಂಬಂಧ ಎನ್ನುತ್ತಿದ್ದೇನೆ, ಅಷ್ಟೇ. ಈ ಸಂಬಂಧಕ್ಕೆ 1956ರಲ್ಲೇ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಪ್ಯಾರಾಸೋಷಿಯಲ್ ಎಂಬ ಹೆಸರು ಕೊಟ್ಟರು. ರೇಡಿಯೊ, ಟೆಲಿವಿಷನ್‌ಗಳಲ್ಲಿ ದಿನವೂ ಎದುರಾಗುವ ಮುಖ ಕ್ರಮೇಣ ಪರಿಚಿತರ ಮುಖವಾಗುತ್ತದೆ. ಸಂಬಂಧ ಒಂದೇ ಕಡೆಯದು, ಆದರೆ ಸುಳ್ಳಲ್ಲ.

ಇದು ನಮ್ಮ ಸೀಮೆಯ ಭಾವುಕತೆ ಮಾತ್ರ ಎಂದುಕೊಳ್ಳುವವರಿಗೆ ಜಪಾನಿನ ಸತೋರು ಇವಾಟಾರ ಕತೆ ಹೇಳಬೇಕು. ಮಕ್ಕಳಿಗೂ ಇದು ಹಿಡಿಸುತ್ತದೆ, ಏಕೆಂದರೆ ಇದು ವಿಡಿಯೊ ಗೇಮಿನ ಕತೆ. ನಿಂಟೆಂಡೊ ಕಂಪನಿಗೆ 2002ರಿಂದ ಅಧ್ಯಕ್ಷರಾಗಿದ್ದ ಇವಾಟಾ ಮೂಲತಃ ಪ್ರೋಗ್ರಾಮರ್. ಹುದ್ದೆಯಲ್ಲಿದ್ದಾಗಲೇ, 2015ರ ಜುಲೈ 11ರಂದು, 55ನೆಯ ವಯಸ್ಸಿಗೆ ತೀರಿಕೊಂಡರು. ಒಂದು ಕಂಪನಿಯ ಮುಖ್ಯಸ್ಥ ಸತ್ತರೆ ಷೇರುದಾರರು ಚಿಂತಿಸಬಹುದು, ಗ್ರಾಹಕರು ಅಳುತ್ತಾರೆಯೇ? ಅತ್ತರು. ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯ ಮುಂದೆ ಹೂವು, ಚೀಟಿ ಇಟ್ಟುಹೋದರು. ಕಾರಣ ಊಹಿಸುವುದು ಕಷ್ಟವಲ್ಲ. ಹೊಸ ಆಟಗಳ ಸುದ್ದಿಯನ್ನು ಅವರು ತಾವೇ ಕ್ಯಾಮೆರಾ ಮುಂದೆ ನಿಂತು ಹೇಳುತ್ತಿದ್ದರು. "ನೇರವಾಗಿ ನಿಮಗೆ" ಎನ್ನುತ್ತ ಎರಡೂ ಕೈಗಳನ್ನು ಮುಂದೆ ಚಾಚುವುದು ಅವರ ಗುರುತಾಗಿತ್ತು. ಕಂಪನಿಗೆ ನಷ್ಟ ಬಂದಾಗ, 2014ರಲ್ಲಿ, ತಮ್ಮ ಸಂಬಳವನ್ನು ಕೆಲವು ತಿಂಗಳು ಅರ್ಧಕ್ಕಿಳಿಸಿಕೊಂಡರು. ಅವರು ಸತ್ತ ಮೇಲೆ, 2017ರಲ್ಲಿ ಬಂದ ಸ್ವಿಚ್ ಎಂಬ ಆಟದ ಯಂತ್ರದಲ್ಲಿ ಒಂದು ಗುಟ್ಟು ಅಡಗಿತ್ತು. ಯಂತ್ರದ ಗಡಿಯಾರ ಜುಲೈ 11 ತೋರಿಸುವಾಗ, ಇವಾಟಾರ ಹಾಗೆ ಎರಡೂ ಕೈ ಚಾಚಿದರೆ, ಅವರು ಯೌವನದಲ್ಲಿ ಬರೆದಿದ್ದ ಹಳೆಯ ಗಾಲ್ಫ್ ಆಟ ತೆರೆದುಕೊಳ್ಳುತ್ತಿತ್ತು. ನಮ್ಮೂರಲ್ಲಿ ಹಿರಿಯರ ಫೋಟೊ ಮುಂದೆ ಎಡೆ ಇಡುತ್ತಾರಲ್ಲ, ಅದೇ ಕೆಲಸ ಇದು ಎಂದು ನನಗೆ ಅನಿಸುತ್ತದೆ.

ಅಪ್ಪು ವಿಷಯದಲ್ಲಿ ಇನ್ನೊಂದು ಸಂಗತಿಯೂ ಸೇರಿತ್ತು. ಅದು ಕೋವಿಡ್ಡಿನ ಎರಡನೆಯ ಅಲೆ ಬಂದುಹೋದ ವರ್ಷ. ಸತ್ತವರ ಮುಖ ನೋಡಲಾಗದೆ, ಮಣ್ಣಿಗೆ ಹೋಗಲಾಗದೆ, ನಾಲ್ಕು ಜನ ಸೇರಿ ಅಳಲಾಗದೆ ಎಷ್ಟೋ ಮನೆಗಳು ಸುಮ್ಮನಾಗಿದ್ದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ಮರಳಿ ತೆರೆದದ್ದೇ ಆ ಅಕ್ಟೋಬರ್ 25ರಂದು. ನಾಲ್ಕು ದಿನ ಕಳೆಯುವುದರೊಳಗೆ ಈ ಸುದ್ದಿ ಬಂತು. ಕಂಠೀರವ ಕ್ರೀಡಾಂಗಣದ ಸಾಲನ್ನು ಟಿವಿಯಲ್ಲಿ ನೋಡುತ್ತ ಅತ್ತವರಲ್ಲಿ ಕೆಲವರಾದರೂ ತಮ್ಮ ಮನೆಯವರಿಗಾಗಿಯೂ ಅತ್ತಿರಬೇಕು. ಒಲೆ ಹಚ್ಚದ ಆ ತಾಯಿಯ ಮನೆಯಲ್ಲಿ ಆ ವರ್ಷ ಏನಾಗಿತ್ತು ಎಂದು ನಾನು ಕೇಳಲಿಲ್ಲ. ಕೇಳದೆಯೇ ನಗುವುದಂತೂ ಸರಿಯಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅಭಿಮಾನದ ಹೊಗಳಿಕೆಯಾಗುತ್ತದೆ. ಅಭಿಮಾನ ಜೀವ ತೆಗೆದದ್ದೂ ನಮ್ಮ ಮುಂದಿದೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಬೆಂಕಿ, ಕಲ್ಲು, ಸಾವು ಎಲ್ಲವೂ ಆದವು. ಹದಿನೈದು ವರ್ಷದ ನಂತರ ಮಗನ ಅಂತ್ಯಕ್ರಿಯೆ ಶಾಂತವಾಗಿ ನಡೆಯಿತು. ಆದರೂ ದುಡುಕಬೇಡಿ ಎಂದು ಕುಟುಂಬದವರು ಅಭಿಮಾನಿಗಳನ್ನು ಬೇಡಿಕೊಳ್ಳಬೇಕಾಯಿತು. ನಮಗೆ ಇನ್ನೂ ಹತ್ತಿರದ್ದು ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿ. 2024ರ ಜನವರಿ 8, ನಟ ಯಶ್ ಹುಟ್ಟುಹಬ್ಬ. ಹಿಂದಿನ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಹುಡುಗರು ಸತ್ತರು. ಇಪ್ಪತ್ತರ ಆಸುಪಾಸಿನವರು, ಅಂದರೆ ನನಗಿಂತ ಚಿಕ್ಕವರು. ಅಂದೇ ನಟ ಊರಿಗೆ ಬಂದು ಆ ಮನೆಗಳವರನ್ನು ಕಂಡರು, ಬ್ಯಾನರ್ ಕಟ್ಟಬೇಡಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ಅಭಿಮಾನಿಗಳು ನಾಯಕನಿಗಾಗಿ ಅಳುವ ಜಾಗದಲ್ಲಿ ಅಲ್ಲಿ ನಾಯಕನೇ ಅಭಿಮಾನಿಗಳಿಗಾಗಿ ತಲೆ ತಗ್ಗಿಸಿ ಕೂತಿದ್ದ.

ಆ ಊರಿನ ಸುತ್ತಲಿನ ಮಕ್ಕಳಿಗೆ ವಿದ್ಯುತ್ ಪಾಠ ಮಾಡುವಾಗ ನಾವು ತಾಮ್ರದ ತಂತಿ, ಪ್ಲಾಸ್ಟಿಕ್ ಸ್ಕೇಲು ಹಿಡಿದು ವಾಹಕ, ಅವಾಹಕ ಎನ್ನುತ್ತೇವೆ. ಕಂಬದಿಂದ ಕಂಬಕ್ಕೆ ಹೋಗುವ ತಂತಿಗೆ ಮನೆಯ ವೈರಿಗಿರುವ ಹೊದಿಕೆ ಸಾಮಾನ್ಯವಾಗಿ ಇರುವುದಿಲ್ಲ, ಕಬ್ಬಿಣದ ಚೌಕಟ್ಟು ಹಿಡಿದು ನೆಲದ ಮೇಲೆ ನಿಂತವನ ಮೈಯೇ ವಿದ್ಯುತ್ತಿಗೆ ಭೂಮಿಗಿಳಿಯುವ ದಾರಿಯಾಗುತ್ತದೆ, ಹಸಿ ಬಿದಿರು ಕೂಡ ನಂಬಿಕೆಗೆ ಅರ್ಹವಲ್ಲ. ಇದನ್ನು ಆ ಪಾಠದಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು? ಸತ್ತವರ ಹೆಸರೆತ್ತುವುದು ಬೇಡ. ತರಗತಿಯಲ್ಲಿ ಅವರ ಬಂಧುಗಳೇ ಕೂತಿರಬಹುದು. ಕಟೌಟ್ ಎಂಬ ಪದವೊಂದೇ ಸಾಕು, ಮಕ್ಕಳು ತಾವಾಗಿ ಸುಮ್ಮನಾಗುತ್ತಾರೆ.

ಹತ್ತನೆಯ ತರಗತಿಯ ಕಣ್ಣಿನ ಪಾಠಕ್ಕೆ ಅಪ್ಪು ತಾವಾಗಿಯೇ ಬರುತ್ತಾರೆ. ಒಂದು ಜೊತೆ ಕಣ್ಣಿನಿಂದ ನಾಲ್ವರವರೆಗೆ ದೃಷ್ಟಿ ಕೊಡಬಹುದು ಎಂಬ ಮಾತು ಪಠ್ಯದ ನೇತ್ರದಾನದ ಚೌಕಟ್ಟಿನಲ್ಲಿದೆ. ಎರಡು ಕಣ್ಣು, ನಾಲ್ಕು ಜನ ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮಾಡಿದ್ದು ಅದನ್ನೇ. ಪುನೀತರ ಎರಡು ಕಾರ್ನಿಯಾಗಳ ಮೇಲ್ಪದರ, ಒಳಪದರಗಳನ್ನು ಬೇರ್ಪಡಿಸಿದರು. ಮೇಲ್ಪದರದ ತೊಂದರೆ ಇದ್ದ ಇಬ್ಬರಿಗೆ ಮೇಲಿನದು, ಒಳಪದರದ ತೊಂದರೆ ಇದ್ದ ಇಬ್ಬರಿಗೆ ಒಳಗಿನದು. ತಂದೆ ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಅಪ್ಪು ಹೆಸರಿನಲ್ಲಿ ಮೊಬೈಲಿನಲ್ಲಿ ಓಡಾಡಿದ ಅನಾಥಾಲಯ, ಗೋಶಾಲೆಗಳ ಲೆಕ್ಕದ ಪಟ್ಟಿಯನ್ನು ತರಗತಿಗೆ ತರುವುದು ನನಗೆ ಇಷ್ಟವಿಲ್ಲ. "ಈ ಸಂಖ್ಯೆ ಎಲ್ಲಿಂದ ಬಂತು" ಎಂದು ಕೇಳಿಸುವ ಅಭ್ಯಾಸಕ್ಕಾದರೆ ತರಬಹುದು. ಕಾರ್ನಿಯಾದ ಲೆಕ್ಕಕ್ಕೆ ಅಂಥ ಅನುಮಾನ ಬೇಕಿಲ್ಲ.

ಮುಂಡರಗಿ ಕಡೆಯ ಶಾಲೆಗೆ ಹೋಗಿದ್ದ ನನ್ನ ಸಹಪಾಠಿ ಈ ಪಾಠವನ್ನು ಹೀಗೆಯೇ ಮಾಡಿದಳು. ವೀಕ್ಷಣೆಗೆ ಬಂದವರು ಪೀಠಿಕೆ ಉದ್ದವಾಯಿತೆಂದು ಎರಡು ಅಂಕ ಕಳೆದರಂತೆ. ಕಳೆಯಲಿ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹತ್ತು ಹದಿನೈದು ನಿಮಿಷದ ಕೆಲಸ ಎಂದು ಅವಳು ಹೇಳುತ್ತಿರುವಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ನಮ್ಮಜ್ಜಗ ಕಣ್ಣಿನ ಪೊರಿ ಆಪರೇಷನ್ ಆಗೇತ್ರಿ. ಅಂವಾ ಕೊಡಾಕ ಬರತೈತೇನ್ರಿ?" ಬರುತ್ತದೆ. ಪೊರೆ ಬರುವುದು ಮಸೂರಕ್ಕೆ, ದಾನ ಮಾಡುವುದು ಕಾರ್ನಿಯಾ. ಅವಳು ಅರ್ಧ ಅಳಿಸಿದ್ದ ಕಣ್ಣಿನ ಚಿತ್ರವನ್ನು ಹಲಗೆಯ ಮೇಲೆ ಮತ್ತೆ ಬರೆದು, ಎರಡನ್ನೂ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ಹುಡುಗ ಮಾತ್ರ ಚಿತ್ರ ಬರೆದುಕೊಳ್ಳುತ್ತಲೇ ಇದ್ದನಂತೆ.