ದಿನಬಳಕೆಯ ವಜ್ರಾಭರಣ: ಕ್ಲಾರಿಟಿ ದರ್ಜೆಗೆ ತೆರುವ ಬೆಲೆ ಎಷ್ಟು ಸಾರ್ಥಕ?

ವಜ್ರಾಭರಣ ಕೊಳ್ಳಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಬರುವ ಗ್ರಾಹಕರು ಈಚಿನ ವರ್ಷಗಳಲ್ಲಿ ಮೊದಲು ಕೇಳುವ ಪ್ರಶ್ನೆ ಹರಳಿನ ಕ್ಲಾರಿಟಿ ಯಾವುದು ಎಂಬುದು. ಸಿರುಗುಪ್ಪ, ಕುರುಗೋಡು ಭಾಗದಿಂದ ಭತ್ತದ ಹಣ ಕೈಸೇರಿದ ಬಳಿಕ ಮಗಳ ಮದುವೆಗೆ ಓಲೆ ಕೊಳ್ಳಲು ಬರುವ ರೈತ ಕುಟುಂಬವಾಗಲಿ, ನಗರದಲ್ಲಿ ಜೀನ್ಸ್ ಘಟಕ ನಡೆಸುವ ಉದ್ಯಮಿಯಾಗಲಿ ‘ವಿವಿಎಸ್’ ಎಂಬ ಮೂರಕ್ಷರವನ್ನು ಬಾಯಲ್ಲಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ವರ್ತಕರೂ ಅದನ್ನೇ ಮುಂದಿಟ್ಟು ಮಾರುತ್ತಾರೆ. ಆದರೆ ನಿತ್ಯ ಧರಿಸುವ ಉಂಗುರ, ಮೂಗುಬೊಟ್ಟು, ಓಲೆಗಳ ಮಟ್ಟಿಗೆ ಹೇಳುವುದಾದರೆ, ಆ ಅಕ್ಷರಗಳಿಗಾಗಿ ತೆರುವ ಹೆಚ್ಚಿನ ಹಣದ ಬಹುಪಾಲು ಧರಿಸುವವರಿಗೆ ದಕ್ಕುವುದೇ ಇಲ್ಲ. ಅದೇ ಹಣ ಹರಳಿನ ಕಟಿಂಗಿಗೆ, ಅದನ್ನು ಹಿಡಿದಿಡುವ ಚಿನ್ನದ ಕೆಲಸಕ್ಕೆ ಮತ್ತು ಮುಂದಿನ ಆರೈಕೆಗೆ ವಿನಿಯೋಗವಾಗಬೇಕಾದುದು ನ್ಯಾಯ.

ವಜ್ರದ ವ್ಯವಹಾರ ಈ ಸೀಮೆಗೆ ಹೊಸದಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್, ಗಣಿಗಳಲ್ಲಿ ದೊರೆತ ವಜ್ರಗಳ ಪೈಕಿ ನಿಗದಿತ ತೂಕ ಮೀರಿದವು ಅರಸನ ಭಂಡಾರಕ್ಕೆ ಸೇರಬೇಕಿತ್ತೆಂದು 16ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಹೆಸರಿನಲ್ಲೇ ವಜ್ರವನ್ನು ಹೊತ್ತ ವಜ್ರಕರೂರು, 1882ರಲ್ಲಿ ಅನಂತಪುರ ಜಿಲ್ಲೆ ಪ್ರತ್ಯೇಕಗೊಳ್ಳುವವರೆಗೆ ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಗಡಿಯಾಚೆಯ ಹೊಲಗಳಲ್ಲಿ ಹರಳು ಹುಡುಕುವ ಜನರನ್ನು ಇಂದಿಗೂ ಕಾಣಬಹುದು. ಆ ಕಾಲದ ಪರೀಕ್ಷಕರಿಗೂ ದೋಷದ ಕಲ್ಪನೆ ಇತ್ತು. ಪ್ರಾಚೀನ ರತ್ನಶಾಸ್ತ್ರಗಳು ಬಿಂದು, ರೇಖೆ, ಕಾಕಪಾದ ಮುಂತಾದ ದೋಷಗಳನ್ನು ಹೆಸರಿಸಿ, ಅವುಗಳಿಂದ ಧರಿಸಿದವರಿಗೆ ಕೇಡು ಎಂದು ಎಚ್ಚರಿಸಿದ್ದವು. ಕಪ್ಪು ಚುಕ್ಕೆಯ ಹರಳನ್ನು ಮನೆಯ ಹಿರಿಯ ಹೆಂಗಸರು ಇಂದಿಗೂ ಒಪ್ಪದಿರುವುದರ ಬೇರು ಇಲ್ಲಿದೆ. ಆ ನಂಬಿಕೆಯನ್ನು ವರ್ತಕರು ಗೌರವಿಸಲೇಬೇಕು. ಆದರೆ ಕಣ್ಣಿಗೆ ಕಾಣುವ ಕಪ್ಪು ಚುಕ್ಕೆ ಬೇರೆ, ಹತ್ತು ಪಟ್ಟು ಹಿಗ್ಗಿಸಿದಾಗ ಪರಿಣತನಿಗೆ ಮಾತ್ರ ಕಾಣುವ ಸೂಜಿಮೊನೆ ಬೇರೆ. ಈ ಎರಡನ್ನೂ ಒಂದೇ ಭಯದ ಕೆಳಗೆ ತಂದು ಮಾರುವುದು ಪ್ರಾಮಾಣಿಕ ವ್ಯಾಪಾರವಾಗದು.

ಇಂದು ಬಳಕೆಯಲ್ಲಿರುವ ದರ್ಜೆಯ ಕ್ರಮವನ್ನು ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ರೂಪಿಸಿತು. ದೋಷರಹಿತದಿಂದ ಆರಂಭವಾಗಿ ವಿವಿಎಸ್, ವಿಎಸ್, ಎಸ್‌ಐ ಹಂತಗಳನ್ನು ದಾಟಿ ಬರಿಗಣ್ಣಿಗೂ ದೋಷ ಕಾಣುವ ಐ ದರ್ಜೆಗಳವರೆಗೆ ಒಟ್ಟು 11 ಮೆಟ್ಟಿಲುಗಳಿವೆ. ಪರೀಕ್ಷೆ ನಡೆಯುವುದು ಹತ್ತು ಪಟ್ಟಿನ ವರ್ಧನೆಯಲ್ಲಿ, ಅದೂ ಒಡವೆಗೆ ಕೂರಿಸದ ಬಿಡಿ ಹರಳಿನ ಮೇಲೆ. ಏಳು ಹರಳಿನ ಓಲೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದೊಂದು ಹರಳು ಹತ್ತು ಸೆಂಟಿನದಾದರೂ ಅದರ ವ್ಯಾಸ ಸುಮಾರು ಮೂರು ಮಿಲಿಮೀಟರ್ ಮಾತ್ರ. ಅಷ್ಟು ಚಿಕ್ಕ ಹರಳಿನಲ್ಲಿ ವಿವಿಎಸ್ ಮತ್ತು ವಿಎಸ್ ನಡುವಣ ಅಂತರವನ್ನು, ಕಿವಿಯಿಂದ ಒಂದು ಮೊಳ ದೂರ ನಿಂತ ನೆಂಟರಂತಿರಲಿ, ಅದನ್ನು ಮಾರಿದ ವರ್ತಕನೇ ಬರಿಗಣ್ಣಿನಿಂದ ಗುರುತಿಸಲಾರ. ಒಂದು ಕ್ಯಾರೆಟ್ಟಿಗೆ ಮೀರಿದ ಒಂಟಿ ಹರಳಿನ ಮಾತು ಬೇರೆ. ಉದ್ದನೆಯ ಮೆಟ್ಟಿಲು ಮುಖಗಳಿರುವ ಎಮರಾಲ್ಡ್ ಕಟ್ ಕೂಡ ಒಳಗಿನ ದೋಷವನ್ನು ಬಚ್ಚಿಡುವುದಿಲ್ಲ. ಅಂಥಲ್ಲಿ ಮೇಲಿನ ದರ್ಜೆಗೆ ಅರ್ಥವಿದೆ.

ಇನ್ನು ದಿನಬಳಕೆ ಹರಳಿಗೆ ಏನು ಮಾಡುತ್ತದೆ ಎಂಬುದು ಮುಖ್ಯ ವಿಚಾರ. ವಜ್ರಕ್ಕೆ ನೀರು ಅಂಟದು, ಜಿಡ್ಡು ಮಾತ್ರ ಬಿಡದಂತೆ ಅಂಟುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಗಳಲ್ಲಿ 19ನೆಯ ಶತಮಾನದ ಕೊನೆಗೆ ಈ ಗುಣವನ್ನೇ ಬಳಸಿ, ಗ್ರೀಸ್ ಬಳಿದ ಮೇಜುಗಳ ಮೇಲೆ ಪುಡಿಗಲ್ಲನ್ನು ನೀರಿನೊಡನೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದರು. ತಲೆಗೆ ಹಚ್ಚಿದ ಎಣ್ಣೆ, ಮುಖದ ಕ್ರೀಮು, ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಗಡಸು ನೀರಿನಲ್ಲಿ ಸಾಬೂನು ಬಿಡುವ ಪೊರೆ ಇವೆಲ್ಲವೂ ಇದೇ ರೀತಿ ಹರಳಿನ ಹಿಂಬದಿಯಲ್ಲಿ ಕೂರುತ್ತವೆ. ಮುಂದಿನಿಂದ ಹೊಕ್ಕ ಬೆಳಕು ಹಿಂಬದಿಯ ಮುಖಗಳಿಗೆ ತಗಲಿ ಮರಳಿ ಬಂದರೆ ಮಾತ್ರ ವಜ್ರ ಹೊಳೆಯುತ್ತದೆ. ಹಿಂಬದಿಗೆ ಜಿಡ್ಡಿನ ಲೇಪ ಕಟ್ಟಿದರೆ ಆ ಬೆಳಕು ಅಲ್ಲಿಯೇ ಸೋರಿಹೋಗುತ್ತದೆ. ತಿಂಗಳುಗಟ್ಟಲೆ ತೊಳೆಯದ ವಿವಿಎಸ್ ಹರಳಿಗಿಂತ ನಿನ್ನೆ ತೊಳೆದ ಎಸ್‌ಐ ಹರಳು ಹೆಚ್ಚು ಬೆಳಗುವುದು ಇದರಿಂದಲೇ. ಉಗುರುಬೆಚ್ಚನೆಯ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ದ್ರಾವಣ, ಒಂದು ಮೆತ್ತನೆಯ ಬ್ರಷ್ ಇಷ್ಟು ಸಾಕು. ಇದನ್ನು ಗ್ರಾಹಕರಿಗೆ ಹೇಳಿಕೊಡುವ ಅಂಗಡಿಗಳು ಎಷ್ಟಿವೆ? ಹಿಂಬದಿ ಮುಚ್ಚಿದ ಹಳೆಯ ಕೆಲಸದ ಓಲೆಗಳಿಗೆ ಮಾತ್ರ ಈ ಉಪಚಾರ ಸಲ್ಲದು. ಒಳಗೆ ನೀರಿಳಿದರೆ ಹಾಳೆ ಮಂಕಾಗಿ ಹರಳೇ ಕಂದಿದಂತೆ ಕಾಣುತ್ತದೆ.

ಎರಡನೆಯ ಪೆಟ್ಟು ಬೀಳುವುದು ಚಿನ್ನಕ್ಕೆ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಸ್ಫಟಿಕಶಿಲೆ 7, ಕಬ್ಬಿಣದ ಅದಿರು ಸುಮಾರು 6, ಅಪ್ಪಟ ಚಿನ್ನ ಮೂರಕ್ಕೂ ಕಡಿಮೆ. ಬಳ್ಳಾರಿಯ ಗಾಳಿಯಲ್ಲಿರುವ ಅದಿರಿನ ಧೂಳಾಗಲಿ, ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟಿನ ಧೂಳಿನಲ್ಲಿರುವ ಸಿಲಿಕಾ ಆಗಲಿ ವಜ್ರವನ್ನು ಗೀರಲಾರವು. ಆದರೆ ಹರಳನ್ನು ಹಿಡಿದ ಚಿನ್ನದ ಹಲ್ಲುಗಳನ್ನು, ವರ್ತಕರು ಪ್ರಾಂಗ್ ಎನ್ನುವ ಆ ಕಿರುಹಿಡಿಗಳನ್ನು, ವರ್ಷದಿಂದ ವರ್ಷಕ್ಕೆ ಸವೆಸುತ್ತವೆ. ಜೀನ್ಸ್ ತೊಳೆಯುವ ಘಟಕಗಳಲ್ಲಿ ಬಳಸುವ ಬ್ಲೀಚಿಂಗ್ ದ್ರಾವಣದ ಕ್ಲೋರಿನ್, ಮಿಶ್ರಲೋಹದ ಚಿನ್ನವನ್ನು, ಅದರಲ್ಲೂ ನಿಕಲ್ ಬೆರೆತ ಬಿಳಿ ಚಿನ್ನವನ್ನು, ಒಳಗಿನಿಂದಲೇ ಬಿರುಕುಗೊಳಿಸಬಲ್ಲದು. ಹಲ್ಲು ಸವೆದು ಹರಳು ಉದುರಿದ ಮೇಲೆ ಅದು ಯಾವ ದರ್ಜೆಯದಾಗಿತ್ತೆಂಬ ಚರ್ಚೆಗೆ ಬೆಲೆಯಿಲ್ಲ. ನಿತ್ಯದ ಉಂಗುರಕ್ಕೆ 22 ಕ್ಯಾರೆಟ್ಟೇ ಬೇಕೆಂದು ಹಟ ಹಿಡಿಯುವ ಗ್ರಾಹಕರಿಗೆ 18 ಕ್ಯಾರೆಟ್ ಚಿನ್ನದ ಹಿಡಿತ ಹೆಚ್ಚು ಬಿಗಿ ಎಂಬುದನ್ನು ತಿಳಿಹೇಳಬೇಕಾದುದು ವರ್ತಕರ ಕೆಲಸ. ಹರಳಿನ ಸುತ್ತ ಚಿನ್ನದ ಪಟ್ಟಿ ಕಟ್ಟಿದ ಉಂಗುರ ಅಷ್ಟು ಆಕರ್ಷಕವಾಗಿ ಕಾಣದಿರಬಹುದು, ಆದರೆ ಕೆಲಸ ಮಾಡುವ ಕೈಗೆ ಅದಕ್ಕಿಂತ ಒಳ್ಳೆಯದಿಲ್ಲ.

ವಜ್ರವೂ ಅಭೇದ್ಯವಲ್ಲ. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಅದರ ಹರಳುರಚನೆಯಲ್ಲಿ ಸೀಳಿಕೊಳ್ಳುವ ನಾಲ್ಕು ದಿಕ್ಕುಗಳಿವೆ. ಕಲ್ಲಿನ ಕಟ್ಟೆಗೋ ಕಬ್ಬಿಣದ ಬಾಗಿಲಿಗೋ ಸರಿಯಾದ ಕೋನದಲ್ಲಿ ತಗಲಿದರೆ ತೆಳುವಾದ ನಡುಪಟ್ಟಿಯ ಅಂಚು, ಚೌಕ ಕಟಿಂಗಿನ ಮೂಲೆ, ಹನಿಯಾಕಾರದ ಹರಳಿನ ತುದಿ ಚಕ್ಕೆ ಏಳುತ್ತವೆ. ಒಂದೇ ಡಬ್ಬಿಯಲ್ಲಿ ನಾಲ್ಕು ಉಂಗುರ ಹಾಕಿಟ್ಟರೆ ವಜ್ರವನ್ನು ವಜ್ರವೇ ಗೀರುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಚಕ್ಕೆಯೂ ದರ್ಜೆ ನಿರ್ಣಯದಲ್ಲಿ ಲೆಕ್ಕಕ್ಕೆ ಬರುವ ಗುರುತೇ. ಅಂದರೆ ಪ್ರಮಾಣಪತ್ರ ಹೇಳುವುದು ಪರೀಕ್ಷೆಯ ದಿನ ಹರಳು ಹೇಗಿತ್ತೆಂಬುದನ್ನು ಮಾತ್ರ. ಹತ್ತು ವರ್ಷ ಬೆರಳಲ್ಲಿದ್ದು ಅಂಚು ಮುಕ್ಕಾದ ವಿವಿಎಸ್ ಹರಳು ಮತ್ತೆ ಪರೀಕ್ಷೆಗೆ ಹೋದರೆ ಅದೇ ಅಕ್ಷರಗಳೊಡನೆ ಮರಳುವ ಖಾತರಿಯಿಲ್ಲ.

ಹಾಗಾದರೆ ದಿನಬಳಕೆಗೆ ಕ್ಲಾರಿಟಿ ನಗಣ್ಯವೇ? ಹಾಗೆ ಹೇಳುವುದೂ ತಪ್ಪು. ನೋಡಬೇಕಾದುದು ದೋಷದ ಸಂಖ್ಯೆಗಿಂತ ಅದರ ಸ್ಥಾನವನ್ನು. ಒಡಲಿನೊಳಗೆ ಅಡಗಿದ ಕಿರುಬಿಂದು ನಿರುಪದ್ರವಿ. ಮೇಲ್ಮೈವರೆಗೆ ತಲಪಿದ ಬಿರುಕು, ಅದರಲ್ಲೂ ಅಂಚಿನಲ್ಲೋ ಮೂಲೆಯಲ್ಲೋ ಇರುವಂಥದು, ಎಸ್‌ಐ ಹರಳಿನಲ್ಲಿದ್ದರೂ ನಿತ್ಯದ ಉಂಗುರಕ್ಕೆ ತಕ್ಕುದಲ್ಲ. ಅಂಥ ಹರಳನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯುವುದೂ ಅಪಾಯ. ಬಿರುಕಿಗೆ ಗಾಜು ತುಂಬಿದ ಹರಳಂತೂ ಅಕ್ಕಸಾಲಿಗರ ಒಲೆಯ ಶಾಖಕ್ಕೆ ಸಿಕ್ಕಿದರೆ ತನ್ನ ನಿಜರೂಪ ತೋರಿಸುತ್ತದೆ. ಒಟ್ಟಿನಲ್ಲಿ ಚಿಕ್ಕ ಹರಳುಗಳ ನಿತ್ಯದ ಒಡವೆಗೆ ಉತ್ತಮ ಕಟಿಂಗಿನ, ಕಣ್ಣಿಗೆ ನಿರ್ಮಲವಾದ ವಿಎಸ್2 ಅಥವಾ ಎಸ್‌ಐ1 ಹರಳು ಸಾಕಷ್ಟಾಯಿತು.

ಈ ಮಾತನ್ನು ಅಂಗಡಿಯಲ್ಲಿ ಹೇಳಿದರೆ ಲಾಭ ಕಡಿಮೆಯಾಗುವುದೆಂಬ ಅಳುಕು ವರ್ತಕರಿಗೆ ಸಹಜ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಈ ಲೆಕ್ಕವನ್ನೇ ತಲೆಕೆಳಗು ಮಾಡಿದೆ. ಅಲ್ಲಿ ವಿವಿಎಸ್ ದರ್ಜೆ ಅಪರೂಪವಲ್ಲ, ಬೆಲೆಯೂ ಗಣಿಯ ವಜ್ರದ ಅಲ್ಪಭಾಗ ಮಾತ್ರ. ಜಿಐಎ ಸಂಸ್ಥೆಯೇ 2025ರ ಅಕ್ಟೋಬರಿನಿಂದ ಬೆಳೆಸಿದ ವಜ್ರಗಳಿಗೆ ಈ ವಿವರವಾದ ಬಣ್ಣ ಮತ್ತು ಕ್ಲಾರಿಟಿ ದರ್ಜೆಗಳನ್ನು ಕೊಡುವುದನ್ನು ನಿಲ್ಲಿಸಿ, ‘ಪ್ರೀಮಿಯಂ’, ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗಗಳಿಗೆ ಇಳಿದಿದೆ. ಗಣಿಯ ವಜ್ರವನ್ನು ಕೇವಲ ಕ್ಲಾರಿಟಿಯ ಹೆಸರಿನಲ್ಲಿ ಮಾರುವ ವರ್ತಕ, ಅದೇ ಅಕ್ಷರಗಳನ್ನು ಅಗ್ಗಕ್ಕೆ ಕೊಡುವ ಪಕ್ಕದ ಅಂಗಡಿಯ ಮುಂದೆ ಯಾವ ವಾದ ಹೂಡಬಲ್ಲ? ದೊಡ್ಡ ಸರಣಿ ಮಳಿಗೆಗಳು ಪ್ರಮಾಣಪತ್ರವನ್ನು ಎಲ್ಲರಷ್ಟೇ ಚೆನ್ನಾಗಿ ಮುದ್ರಿಸಿ ಕೊಡುತ್ತವೆ. ಕೂಗಳತೆಯಲ್ಲಿ ಕುಳಿತ ಅಕ್ಕಸಾಲಿಗ, ಹರಳು ಕೂರಿಸುವ ಕುಶಲಕರ್ಮಿ, ಮೂರು ತಲೆಮಾರಿನ ಪರಿಚಯ ಇವು ಪೇಟೆಯ ಅಂಗಡಿಗೆ ಮಾತ್ರ ಇರುವ ಬಂಡವಾಳ. ಇದುವರೆಗೆ ಅದನ್ನು ಬಿಲ್ಲಿನಲ್ಲಿ ಕಾಣಿಸುವ ಪ್ರಯತ್ನ ಸಾಲದು.

2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರಂಕಿಯ ಎಚ್‌ಯುಐಡಿ ಗುರುತು ಚಿನ್ನದ ಶುದ್ಧತೆಗಷ್ಟೇ ಸಾಕ್ಷಿ. ಅದು ಹರಳಿನ ಬಗ್ಗೆ ಏನೂ ಹೇಳುವುದಿಲ್ಲ. ಆದುದರಿಂದ ಹರಳಿನ ಬಗ್ಗೆ ಅಂಗಡಿಯೇ ಬರೆದುಕೊಡುವುದು ಲೇಸು. ದರ್ಜೆಯ ಜೊತೆಗೆ ದೋಷದ ಸ್ಥಾನ, ಅಂಚಿನ ಸ್ಥಿತಿ, ಬಿರುಕು ಮೇಲ್ಮೈ ಮುಟ್ಟಿದೆಯೇ ಇಲ್ಲವೇ, ಹರಳಿಗೆ ಯಾವುದಾದರೂ ಉಪಚಾರ ನಡೆದಿದೆಯೇ ಎಂಬುದು ಮಾರಾಟದ ದಿನವೇ ಬಿಲ್ಲಿನಲ್ಲಿ ದಾಖಲಾಗಬೇಕು. ಆರು ತಿಂಗಳಿಗೊಮ್ಮೆ ಹಲ್ಲುಗಳ ಬಿಗಿ ನೋಡಿ ತೊಳೆದುಕೊಡುವ ಸೇವೆ ಬೆಲೆಯಲ್ಲೇ ಅಡಕವಾಗಿರಲಿ. ಒಡವೆ ಬದಲಾವಣೆಗೆ ಬಂದಾಗ ಚಕ್ಕೆ ಮೊದಲೇ ಇತ್ತೆಂದು ಗ್ರಾಹಕರು, ನಂತರ ಆದುದೆಂದು ವರ್ತಕರು ವಾದಿಸುವ ಪ್ರಸಂಗಗಳಿಗೆ ಆಗ ಅವಕಾಶ ಉಳಿಯದು. ದಾಖಲೆಯಿಲ್ಲದ ವರ್ತಕ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮುಂದೆ ನಿಂತಾಗ ಆತನ ಬಾಯಿಮಾತಿಗೆ ಹೆಚ್ಚಿನ ತೂಕವಿರುವುದಿಲ್ಲ. ಈ ನಮೂನೆಯ ಬಿಲ್ಲೊಂದನ್ನು ವಾಣಿಜ್ಯೋದ್ಯಮ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯ ಅಂಗಡಿಗಳಿಗೆ ಒದಗಿಸಬಹುದು. ಹತ್ತು ಪಟ್ಟಿನ ಭೂತಗನ್ನಡಿ ಬಳಸುವ ಒಂದು ದಿನದ ತರಬೇತಿಯನ್ನು ಗುಮಾಸ್ತರಿಗೂ ಕೊಡಿಸಬಹುದು. ಸದ್ಯ ಬಹಳಷ್ಟು ಅಂಗಡಿಗಳಲ್ಲಿ ಆ ಭೂತಗನ್ನಡಿ ಮಾಲೀಕರ ಜೇಬಿನಲ್ಲಿಯೇ ಉಳಿದಿದೆ. ಹಣ ಎಣಿಸುವ ಮೊದಲು ಅದು ಗ್ರಾಹಕರ ಕೈಗೂ ಬರಬೇಕು.