ಕಾಡತೂಸು ಕಟ್ಟುವ ಕೈ

ಪ್ರಾಣಿಯ ಪ್ರಾಣ ಹೋದ ಕ್ಷಣದಲ್ಲಿಯೇ ಹಿಂಸೆ ಆರಂಭವಾಗುತ್ತದೆಂದು ಲೋಕ ಭಾವಿಸುತ್ತದೆ. ಜೈನಾಚಾರ್ಯರು ಹಾಗೆ ಭಾವಿಸಲಿಲ್ಲ. ಈ ಭೇದ ಎಷ್ಟು ಆಳವಾದುದೆಂಬುದನ್ನು ಅಮೆರಿಕದ ಬೇಟೆಗಾರರ ಒಂದು ಹವ್ಯಾಸ ತೋರಿಸಿಕೊಡುತ್ತದೆ.

ಅಲ್ಲಿ ಅನೇಕರು ರೈಫಲ್ಲಿನ ಕಾಡತೂಸುಗಳನ್ನು ಅಂಗಡಿಯಲ್ಲಿ ಕೊಳ್ಳದೆ ಮನೆಯಲ್ಲಿಯೇ ಕಟ್ಟಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ, ತಳದಲ್ಲಿ ಹೊಸ ಪ್ರೈಮರ್ ಕೂರಿಸುತ್ತಾರೆ, ಮದ್ದನ್ನು ಗ್ರೇನಿನ ಹತ್ತನೆಯ ಒಂದು ಭಾಗದಷ್ಟು, ಎಂದರೆ ಸುಮಾರು ಆರೂವರೆ ಮಿಲಿಗ್ರಾಮಿನಷ್ಟು ಸೂಕ್ಷ್ಮವಾಗಿ ತೂಗಿ ತುಂಬುತ್ತಾರೆ, ಮೇಲೆ ಗುಂಡನ್ನಿಡುತ್ತಾರೆ. ಕೊನೆಯ ಕೆಲಸ ಕ್ರಿಂಪ್: ಕೊಳವೆಯ ಬಾಯನ್ನು ಗುಂಡಿನ ಸುತ್ತಲಿನ ಗೀರಿನೊಳಕ್ಕೆ ಮಡಿಸಿ ಬಿಗಿಯುವುದು. 1895ರಲ್ಲಿ ಬಂದ .30-30 ವಿಂಚೆಸ್ಟರ್ ಕಾಡತೂಸು ಇಂದಿಗೂ ಜಿಂಕೆಯ ಬೇಟೆಗೆ ಬಳಕೆಯಲ್ಲಿದೆ. ಅದನ್ನು ಹಾರಿಸುವ ಹಲವು ರೈಫಲ್ಲುಗಳಲ್ಲಿ ಕಾಡತೂಸುಗಳು ನಳಿಗೆಯ ಕೆಳಗೆ ಒಂದರ ಹಿಂದೊಂದು ನಿಲ್ಲುತ್ತವೆ. ಬಿಗಿ ಸಾಲದಿದ್ದರೆ ಹೊಡೆತದ ಅದುರಿಗೆ ಗುಂಡು ಒಳಸರಿಯಬಹುದು. ಬಿಗಿ ಮಿತಿಮೀರಿದರೆ ಕೊಳವೆ ಉಬ್ಬಿ ರೈಫಲ್ಲಿನೊಳಗೆ ಕೂರದು.

ಈ ಕುಶಲತೆಯ ಸಮರ್ಥಕರಲ್ಲಿ ಎರಡು ವಾದಗಳಿವೆ. ಮೇಜಿನ ಮುಂದೆ ಕುಳಿತವನು ಯಾವ ಜೀವವನ್ನೂ ಕೊಲ್ಲುತ್ತಿಲ್ಲವೆಂಬುದು ಮೊದಲನೆಯದು. ಜಾಗರೂಕತೆಯಿಂದ ಕಟ್ಟಿದ ಕಾಡತೂಸು ಗುರಿ ತಪ್ಪದು, ಆದ್ದರಿಂದ ಪ್ರಾಣಿ ನರಳದು ಎಂಬುದು ಎರಡನೆಯದು.

ಮೊದಲನೆಯ ವಾದಕ್ಕೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿಯೇ ಉತ್ತರವಿದೆ. ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನೋವಾಕ್ಕಾಯಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆ ಹಿಡಿದ ಶ್ರಾವಕನಿಗೆ ಈ ಸಂಖ್ಯೆ ಅಪರಿಚಿತವಲ್ಲ. ಬೇಟೆಗೆಂದು ಕಾಡತೂಸು ಕಟ್ಟುವುದು ಸಮಾರಂಭವಲ್ಲದೆ ಮತ್ತೇನು? ಜನ್ನನು 1209ರಲ್ಲಿ ಕನ್ನಡದಲ್ಲಿ ಬರೆದ ಯಶೋಧರನ ಕಥೆಯಲ್ಲಿ ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ದೋಷವು ಅವನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಯಿಸಿತು. ಹಿಟ್ಟಿನ ಕೋಳಿಗೇ ಇಷ್ಟು ಫಲವಾದರೆ, ಜೀವಂತ ಜಿಂಕೆಯನ್ನು ನೆನೆದು ಬಿಗಿದ ಗುಂಡಿನ ಫಲವೇನು?

ಎರಡನೆಯ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಗಾಯಗೊಂಡು ಪೊದೆಯಲ್ಲಿ ದಿನವಿಡೀ ನರಳುವ ಮರಣಕ್ಕಿಂತ ಕ್ಷಣದ ಮರಣ ಕಡಿಮೆ ಕ್ರೂರ. ಆದರೆ ಕಡಿಮೆ ಕ್ರೌರ್ಯಕ್ಕೆ ಕರುಣೆಯೆಂಬ ಹೆಸರು ಸಲ್ಲದು. ಆ ನೋವು ಹುಟ್ಟುವುದೇ ಬೇಟೆಗಾರನ ಇಚ್ಛೆಯಿಂದ. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ರೈತನೂ ಸೈನಿಕನೂ ಅವುಗಳಿಗೆ ಒಳಗಾಗಿದ್ದಾರೆ. ವಿನೋದದ ಬೇಟೆ ಇವುಗಳಲ್ಲಿ ಯಾವುದೂ ಅಲ್ಲ, ಅದು ಶುದ್ಧ ಸಂಕಲ್ಪೀ ಹಿಂಸೆ. ಸಪ್ತವ್ಯಸನಗಳಲ್ಲಿ ಅದನ್ನು ಎಣಿಸಿದ್ದು ಸುಮ್ಮನಲ್ಲ. ಆರೂವರೆ ಮಿಲಿಗ್ರಾಮು ಮದ್ದಿನ ಬಗ್ಗೆ ಇರುವ ಎಚ್ಚರ ಒಂದು ಜೀವದ ಬಗ್ಗೆ ಇಲ್ಲದಿರುವುದೇ ನಿಜವಾದ ಪ್ರಮಾದ.

ಅಮೆರಿಕದಲ್ಲಿ ನೆಲೆಸಿದ ಜೈನ ಕುಟುಂಬಗಳಿಗೆ ಇದು ದೂರದ ಚರ್ಚೆಯಲ್ಲ. ನೆರೆಯ ಗೆಳೆಯನು ತಕ್ಕಡಿ ಹಿಡಿಯಲು ಕರೆದಾಗ, "ನಾನು ಕೊಲ್ಲುವುದಿಲ್ಲ, ಬರಿಯ ಕಟ್ಟಿಕೊಡುತ್ತೇನೆ" ಎಂದು ಮಗನು ಹೇಳಬಹುದು. ಆಯುಧವನ್ನು ಒದಗಿಸುವುದೇ ಹಿಂಸಾದಾನವೆಂಬ ಅನರ್ಥದಂಡವೆಂದು ಅವನಿಗೆ ತಿಳಿಸಿದವರು ಯಾರು? ಬಸದಿಗಳ ಆಡಳಿತ ಮಂಡಳಿಗಳು ಕಟ್ಟಡಕ್ಕೆ ತೋರುವ ಶ್ರದ್ಧೆಯನ್ನು ಪಾಠಶಾಲೆಗೂ ತೋರಲಿ. ಅಣುವ್ರತಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಕೊಲ್ಲದ ಕೈಯೂ ಕೊಲೆಯಲ್ಲಿ ಹೇಗೆ ಪಾಲುಗೊಳ್ಳುತ್ತದೆಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.